ಹಿಂದಿನ ಎಡ ಮೋಟಾರು

ಚಿಕ್ಕಲಸಂದ್ರ
ಗುರುವಾರ, ೨೩ ಅಕ್ಟೋಬರ್ ೨೦೨೫

ಮೋಹಿತ್ ಅವರಿಗೆ,

ಹೇಮಶ್ರೀಯ ನಮಸ್ಕಾರ. ರವಿಕಿರಣನ ತಂಗಿ ಎಂದು ಸೇರಿಸಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಸೇರಿಸಿದರೆ ಅಣ್ಣನ ಹೆಸರು ಕಂಡು ನೀವು ಕಾಗದವನ್ನು ಮಡಚಿ ಪಕ್ಕಕ್ಕಿಡುತ್ತೀರೇನೋ ಎಂಬ ಹೆದರಿಕೆ. ಮಡಚಬೇಡಿ. ಇದು ಅವನು ಬರೆಸಿದ್ದಲ್ಲ, ಅವನಿಗೆ ಗೊತ್ತೂ ಇಲ್ಲ.

ಅಣ್ಣನ ಗೆಳೆಯರನ್ನೆಲ್ಲ ನಾನು ಅಣ್ಣ ಎಂದೇ ಕರೆಯುವುದು. ಸೀನಣ್ಣ, ಕಿಟ್ಟಣ್ಣ. ನಿಮ್ಮನ್ನು ಮಾತ್ರ ಮೊದಲಿನಿಂದಲೂ ಏನೂ ಕರೆದಿಲ್ಲ. ಎದುರಿಗೆ ಸಿಕ್ಕಾಗ ‘ಕಾಫಿ ಇಟ್ಟಿದೀನಿ’, ‘ಬ್ಯಾಟರಿ ಚಾರ್ಜ್ ಆಗಿದೆ’ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ಕಾಗದದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಮೇಲೆ ಏನಾದರೊಂದು ಬರೆಯಲೇಬೇಕು. ನೀವು ಫೋನು ಎತ್ತುತ್ತಿಲ್ಲ. ಎತ್ತಿದ್ದರೂ ನನ್ನಿಂದ ಮಾತು ಹೊರಡುತ್ತಿರಲಿಲ್ಲ ಎನ್ನುವುದು ಬೇರೆ ವಿಷಯ.

ನಿಮ್ಮ ರಮ್ಯಕ್ಕನ ಹತ್ತಿರ ಮಾತಾಡಿದೆ. ಹಬ್ಬದ ದಿನವೂ ನೀವು ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಚಹದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತೀರಂತೆ. ಯಾಕೆ ಎಂದು ಕೇಳಿದರೆ ‘ನನ್ ಕೈ ನಂಬೋ ಹಾಗಿಲ್ಲ ಅಕ್ಕ’ ಎಂದಿರಂತೆ. ಭಾನುವಾರ ಗಿರಿನಗರದ ಸಿದ್ದಲಿಂಗಯ್ಯನವರ ಮನೆಗೆ ಹೋಗಿ, ಅವರ ನೆಂಟರೆಲ್ಲ ಸೇರಿರುವಾಗ, ನನ್ನ ಕೈ ನಡುಗಿ ಡ್ರೋನ್ ಬಿತ್ತು, ತಪ್ಪು ನನ್ನದು ಎಂದು ಹೇಳಿ, ಇನ್ನು ಹಾರಿಸುವುದಿಲ್ಲ ಎಂದು ಮಾತು ಕೊಟ್ಟು ಬರುತ್ತೀರಂತೆ. ಇದನ್ನು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ.

ಆ ದಿನ ನಾನೂ ಅಲ್ಲಿದ್ದೆನಲ್ಲ, ಬ್ಯಾಟರಿ ಚೀಲ ಹಿಡಿದುಕೊಂಡು, ಸಿದ್ದಲಿಂಗಯ್ಯನವರ ಹೊಸ ಮನೆಯ ಎದುರಿನ ಹೊಂಗೆ ಮರದ ಕೆಳಗೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಊಟಕ್ಕೆ ಏಳುವ ಹೊತ್ತು. ಮೇಲಿನಿಂದ ಮನೆಯನ್ನು ಒಂದು ಸುತ್ತು ತೋರಿಸಬೇಕೆಂದು ಅವರು ಕೇಳಿದ್ದರು. ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ನನಗೆ ಆ ಯಂತ್ರ ಹಾರುವುದನ್ನು ನೋಡಿದರೆ ತಲೆ ಸುತ್ತುತ್ತದೆ, ಅದಕ್ಕೇ ನಾನು ನಿಮ್ಮ ಕೈ ನೋಡುತ್ತಿದ್ದೆ. ಹೆಬ್ಬೆರಳುಗಳು ರಿಮೋಟಿನ ಮೇಲೆ ಇದ್ದವೋ ಇಲ್ಲವೋ ಎನ್ನುವಷ್ಟು ಹಗುರವಾಗಿದ್ದವು. ಮೇಲೆ ಡ್ರೋನಿನ ದನಿ ಬದಲಾಯಿತು. ಆಗಲೂ ನಿಮ್ಮ ಕೈ ನಡುಗಿರಲಿಲ್ಲ. ಡ್ರೋನ್ ಒಂದು ಮಗ್ಗುಲಿಗೆ ವಾಲಿ, ತಾರಸಿಯ ಗೋಡೆಗೆ ಬಡಿದು, ಗೇಟಿನಲ್ಲಿ ಪನ್ನೀರು ಎರಚುತ್ತಿದ್ದ ಅವರ ಮಗಳು ವಿಭಾಳ ಹಣೆಯನ್ನು ಸವರಿಕೊಂಡು, ಪಕ್ಕದಲ್ಲಿ ಉಳಿದಿದ್ದ ಮರಳಿನ ಗುಡ್ಡೆಯಲ್ಲಿ ಬಿತ್ತು. ನಿಮ್ಮ ಕೈ ನಡುಗಿದ್ದು ಆಮೇಲೆ, ಆ ಹುಡುಗಿ ಹುಬ್ಬಿನ ಮೇಲೆ ಕೈಯಿಟ್ಟು ತೆಗೆದು ನೋಡಿಕೊಂಡಾಗ. ಅವಳ ತಾಯಿ ಗಿರಿಜಾದೇವಿ ಅಳಲಿಲ್ಲ, ಬೈಯಲೂ ಇಲ್ಲ. ‘ಹಾಲುಕ್ಕಿಸಿದ ದಿನಾನೇ ಹೊಸಲಲ್ಲಿ ರಕ್ತ ಬಿತ್ತಲ್ಲ’ ಎಂದಷ್ಟೇ ಅಂದರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು.

ಅಣ್ಣ ಎಲ್ಲರ ಎದುರಿಗೆ ‘ನಿನ್ ಕೈಗೆ ಕೊಟ್ಟಿದ್ದೇ ನನ್ ತಪ್ಪು ಗುರು’ ಎಂದ. ನೀವು ರಿಮೋಟನ್ನು ಅವನ ಕೈಗಿಟ್ಟು ನಡೆದು ಹೋದಿರಿ. ನಾನು ಬ್ಯಾಟರಿ ಚೀಲ ಹಿಡಿದುಕೊಂಡೇ ನಿಂತಿದ್ದೆ.

ಡ್ರೋನನ್ನು ಅಣ್ಣ ರಟ್ಟಿನ ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಟ್ಟ. ಮುಟ್ಟಬೇಡ ಎಂದ. ನೀವಿಬ್ಬರೂ ಸೇರಿ ಒಂದೊಂದೇ ಭಾಗ ತಂದು ಕಟ್ಟಿದ್ದನ್ನು ನೋಡಿದವಳು ನಾನು. ಕೆಟ್ಟದ್ದನ್ನು ಬಿಚ್ಚಿ ನೋಡದೆ ಅಟ್ಟಕ್ಕೆ ಹಾಕುವುದು ನಿಮ್ಮಿಬ್ಬರ ಪದ್ಧತಿಯಲ್ಲ. ಬಲಿಪಾಡ್ಯಮಿಯ ದಿನ ಅವನು ಹೊರಗೆ ಹೋದಾಗ ಡಬ್ಬವನ್ನು ಇಳಿಸಿ ಮೇಲಿನ ರೂಮಿಗೆ ತೆಗೆದುಕೊಂಡು ಹೋದೆ. ನಿಮ್ಮ ಸಾಮಾನುಗಳೆಲ್ಲ ಅಲ್ಲೇ ಇವೆ. ಬೆಸುಗೆ ಹಾಕುವ ಕಡ್ಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಮಲ್ಟಿಮೀಟರು. ಮುಂಗಾರಿನಲ್ಲಿ ಒಮ್ಮೆ ಕರೆಂಟು ಹೋಗಿದ್ದಾಗ ನೀವು ಹೇಳಿಕೊಟ್ಟಿದ್ದೆಲ್ಲ ನನಗೆ ನೆನಪಿದೆ. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನಿಮಗೆ ಗೊತ್ತಿತ್ತೋ ಇಲ್ಲವೋ. ನೀವು ಹೇಳುತ್ತಿದ್ದದ್ದು ಕಿಟ್ಟಣ್ಣನಿಗೆ. ನಾನು ಟಾರ್ಚು ಹಿಡಿದಿದ್ದೆ.

‘ಮೊದ್ಲು ಕಣ್ಣು, ಆಮೇಲೆ ಬೆರಳು, ಕರೆಂಟು ಕೊನೇಗೆ.’ ಹಾಗೇ ಮಾಡಿದೆ. ಕಣ್ಣಿಗೆ ಕಂಡದ್ದು: ಎರಡು ರೆಕ್ಕೆ ಮುರಿದಿವೆ, ಹಿಂದಿನ ಎಡಗಡೆಯ ತೋಳಿನಲ್ಲಿ ಸೀಳು ಬಿಟ್ಟಿದೆ. ಉಳಿದ ರೆಕ್ಕೆಗಳನ್ನೂ ಬಿಚ್ಚಿಟ್ಟೆ. ರೆಕ್ಕೆ ಬಿಚ್ಚದೆ ಟೇಬಲ್ ಮೇಲೆ ಓಡಿಸುವವನು ಮೊದಲು ಬೆರಳು ಎಣಿಸಿಕೊಳ್ಳಬೇಕು ಎಂದು ನೀವು ಕಿಟ್ಟಣ್ಣನನ್ನು ಹೆದರಿಸಿದ್ದಿರಲ್ಲ. ಬೆರಳಿನಿಂದ ಒಂದೊಂದೇ ಮೋಟಾರು ತಿರುಗಿಸಿದೆ. ಮೂರು ಮೋಟಾರು ಸಣ್ಣ ಸಣ್ಣ ಮೆಟ್ಟಿಲು ಇಳಿದ ಹಾಗೆ ಸಮನಾಗಿ ತಿರುಗಿದವು. ಹಿಂದಿನ ಎಡದ್ದು ಕರಕರ ಎಂದಿತು. ಅರ್ಧ ಸುತ್ತಿಗೆ ಬಿಗಿಯಾಗಿ ನಿಂತಿತು.

ಬ್ಯಾಟರಿ ಕೊಟ್ಟರೆ ಅದು ತಿರುಗಲಿಲ್ಲ, ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ಅದುರಿತು. ಮೋಟಾರಿನ ಮೂರು ತಂತಿಯಲ್ಲಿ ಒಂದು ಸತ್ತರೂ ಹೀಗೇ ಅದುರುತ್ತದೆ ಎಂದಿದ್ದಿರಿ. ಬ್ಯಾಟರಿ ತೆಗೆದು, ತಂತಿಗಳ ಬೆಸುಗೆ ಬಿಡಿಸಿ ಮೀಟರು ಮುಟ್ಟಿಸಿದೆ. ಯಾವ ಎರಡು ತಂತಿಗೆ ಮುಟ್ಟಿಸಿದರೂ ಬೀಪ್ ಬಂತು. ತಂತಿಗೂ ಮೋಟಾರಿನ ಮೈಗೂ ಮುಟ್ಟಿಸಿದರೆ ಬರಲಿಲ್ಲ. ಅಂದರೆ ಒಳಗಿನ ಸುರುಳಿಗಳು ಬದುಕಿವೆ. ಹಾಗಾದರೆ ತಪ್ಪು ಮೋಟಾರಿನದೋ, ಅದಕ್ಕೆ ಕರೆಂಟು ಕೊಡುವ ಬೋರ್ಡಿನದೋ? ಜಾಗ ಬದಲಿಸಿ ನೋಡಬೇಕು. ಇದರ ತಂತಿಗಳನ್ನು ಪಕ್ಕದ ಮೋಟಾರಿನ ಬೋರ್ಡಿಗೂ, ಅದರ ತಂತಿಗಳನ್ನು ಇದರ ಬೋರ್ಡಿಗೂ ಬೆಸೆದೆ. ಪಕ್ಕದ್ದು ಸಲೀಸಾಗಿ ತಿರುಗಿತು. ಇದು ಅಲ್ಲಿಯೂ ಅದುರಿತು. ತಪ್ಪು ಮೋಟಾರಿನ ಜೊತೆಗೇ ಬಂತು. ಬೆಸುಗೆ ಒರಟಾಗಿದೆ, ನೋಡಿದರೆ ನೀವು ನಗುತ್ತೀರಿ. ನಕ್ಕರೆ ಒಳ್ಳೆಯದೇ.

ಆಮೇಲೆ ಮೋಟಾರನ್ನು ಬಿಚ್ಚಿದೆ. ಕೆಳಗಿನ ಸಣ್ಣ ಕ್ಲಿಪ್ಪು ಹಾರಿಹೋಗಿ ಮಂಚದ ಕೆಳಗೆ ಸಿಕ್ಕಿತು. ಮೇಲಿನ ಗಂಟೆಯಂಥ ಭಾಗವನ್ನು ಅದರ ಆಯಸ್ಕಾಂತ ಬಿಡಲೊಲ್ಲದು. ಎಳೆದು ಎಳೆದು ಕೈ ಸೋತಿತು. ಒಳಗೆ ಮರಳು ತುಂಬಿತ್ತು. ಏನೋ ಸಿಕ್ಕಿಕೊಂಡೂ ಇತ್ತು. ತೆಗೆದೆ. ಬ್ರಷ್ಷಿನಿಂದ ಉಜ್ಜಿ, ಆಯಸ್ಕಾಂತಕ್ಕೆ ಹಿಡಿದ ಕಬ್ಬಿಣದ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿದೆ. ಬೇರಿಂಗು ಹಾಳಾಗಿತ್ತು. ಅದನ್ನು ಹಿಡಿದುಕೊಂಡು ಜಯನಗರದ ಅಂಗಡಿಗೆ ಹೋದರೆ, ಅಂಗಡಿಯವರು ‘ಯಾವ್ ಕಾಲೇಜ್ ಪ್ರಾಜೆಕ್ಟ್ ಮೇಡಂ?’ ಎಂದರು. ಕನ್ನಡ ಎಂ.ಎ. ಎಂದೆ. ಅವರು ಬೇರಿಂಗನ್ನೂ ನನ್ನನ್ನೂ ಸ್ವಲ್ಪ ಹೊತ್ತು ನೋಡಿದರು. ‘ಮೋಟ್ರೇ ಹೊಸದು ಹಾಕ್ಬಿಡಿ, ಇದಕ್ಯಾಕೆ ಇಷ್ಟು ಒದ್ದಾಟ?’ ಎಂದರು. ನನಗೆ ಈ ಮೋಟಾರೇ ತಿರುಗಬೇಕಿತ್ತು.

ಇವತ್ತು ತಿರುಗಿತು. ತಪ್ಪು ಮೋಟಾರಿನದು, ನಿಮ್ಮ ಕೈಯದಲ್ಲ. ಭಾನುವಾರ ಹೋಗಬೇಡಿ. ಇಷ್ಟು ಹೇಳಲಿಕ್ಕೇ ಬರೆದೆ.

ಶನಿವಾರ, ೨೫ ಅಕ್ಟೋಬರ್

ಮೇಲಿನದನ್ನು ಅಂಚೆಗೆ ಹಾಕಲಿಲ್ಲ. ಹಾಕಲು ಹೋಗಿ ಅಂಚೆಡಬ್ಬದ ಮುಂದೆ ನಿಂತು ವಾಪಸು ಬಂದೆ. ‘ಏನೋ ಸಿಕ್ಕಿಕೊಂಡೂ ಇತ್ತು’ ಎಂದು ಬರೆದು ಮುಂದಿನ ಸಾಲಿಗೆ ಓಡಿದ್ದೇನೆ. ನೀವು ಅದನ್ನು ಓದಿದರೆ ಏನು ಎಂದು ಕೇಳದೆ ಬಿಡುವವರಲ್ಲ. ಕೇಳದಿದ್ದರೆ ಇನ್ನೂ ಕಷ್ಟ. ಹಾರಿಸುವ ಮುಂಚೆ ಅದನ್ನು ನೋಡದೇ ಹೋದದ್ದು ನನ್ನ ತಪ್ಪೇ ಎಂದುಕೊಂಡು ಮತ್ತೆ ಗಿರಿನಗರಕ್ಕೆ ಹೊರಡುತ್ತೀರಿ.

ಸಿಕ್ಕಿಕೊಂಡಿದ್ದು ದಾರ. ಅರಿಶಿನ ಹಚ್ಚಿದ ದಾರ.

ನಮ್ಮ ಮನೆಯ ಆಯುಧಪೂಜೆ ನಿಮಗೆ ಗೊತ್ತು. ಅಜ್ಜಿ ಅಕ್ಕಯಮ್ಮ ತಿರುಗುವ ಸಾಮಾನಿಗೆಲ್ಲ ಅರಿಶಿನದ ದಾರ ಕಟ್ಟುತ್ತಾಳೆ. ತಾತ ತಿಮ್ಮರಾಯಪ್ಪನವರು ಇದ್ದಾಗ ಎತ್ತಿನ ಗಾಡಿಯ ಅಚ್ಚಿಗೆ ಕಟ್ಟುತ್ತಿದ್ದವಳು, ಹೊಲವೆಲ್ಲ ಸೈಟಾದ ಮೇಲೆ ಸ್ಕೂಟರಿಗೆ, ಗ್ರೈಂಡರಿಗೆ, ಹೊಲಿಗೆ ಯಂತ್ರಕ್ಕೆ ಕಟ್ಟಿದಳು. ಈ ಸಲ ಡ್ರೋನಿನ ನಾಲ್ಕು ಮೋಟಾರಿನ ಬುಡಕ್ಕೂ ಕಟ್ಟಿದಳು. ಮಾರನೆಯ ದಿನ ಅಣ್ಣ ಹೂವು, ದಾರ ಎಲ್ಲ ಕತ್ತರಿಸುತ್ತಿದ್ದ. ಗಿರಿನಗರದಲ್ಲಿ ಡ್ರೋನನ್ನು ಮೇಲಕ್ಕೆ ಬಿಡುವ ಮುಂಚೆ ನೀವು ಕೇಳಿದಿರಿ: ‘ಪೂಜೆದು ದಾರ ಎಲ್ಲಾ ತೆಗ್ದಿದೀಯಾ?’ ಅವನು ‘ತೆಗ್ದಿದೀನಿ ಮಗಾ, ಹಾರ್ಸು’ ಎಂದ. ನಾನು ಕೇಳಿಸಿಕೊಂಡೆ. ನಿಮಗೆ ನೆನಪಿರಲಾರದು, ಆಮೇಲೆ ನಡೆದದ್ದು ಅದನ್ನೆಲ್ಲ ಅಳಿಸಿಹಾಕಿರಬಹುದು.

ಬಿದ್ದ ಮೇಲೆ ಎಲ್ಲಿಂದಲೋ ಸೇರಿಕೊಂಡ ದಾರ ಇರಬಹುದಲ್ಲ ಎಂದು ನಾನೂ ಮೊದಲು ಅಂದುಕೊಂಡೆ, ಅಂದುಕೊಳ್ಳಲು ಇಷ್ಟವೂ ಇತ್ತು. ಆದರೆ ಅದು ಮೋಟಾರಿನ ನಡುವಿನ ಶಾಫ್ಟಿನ ಸುತ್ತ ಪದರದ ಮೇಲೆ ಪದರವಾಗಿ, ಬುಗುರಿಗೆ ಸುತ್ತಿದ ಹಾಗೆ ಬಿಗಿದುಕೊಂಡಿತ್ತು. ಮೋಟಾರು ಜೋರಾಗಿ ತಿರುಗುತ್ತಿದ್ದರಷ್ಟೇ ದಾರ ಹಾಗೆ ಸುತ್ತಿಕೊಳ್ಳುವುದು. ಇನ್ನೊಂದು, ಮರಳೆಲ್ಲ ದಾರದ ಮೇಲಿತ್ತು. ದಾರ ಬಿಚ್ಚಿದರೆ ಕೆಳಗೆ ಶಾಫ್ಟು ಕನ್ನಡಿಯ ಹಾಗಿತ್ತು. ಮೊದಲು ದಾರ, ಆಮೇಲೆ ಮರಳು. ಕೆಳಗಿನ ಗಂಟಿನಿಂದ ತುದಿ ಬಿಚ್ಚಿಕೊಂಡು ಸಂದಿಗೆ ಸಿಕ್ಕಿ, ಮೋಟಾರು ಅದನ್ನು ತಾನೇ ಒಳಗೆ ಎಳೆದುಕೊಂಡಿದೆ.

ಅದನ್ನು ಒಂದು ಸ್ಟೀಲಿನ ಮುಚ್ಚಳದಲ್ಲಿಟ್ಟು ಬುಧವಾರ ಸಂಜೆ ಅಣ್ಣನ ಮುಂದೆ ಹಿಡಿದೆ. ಮುಟ್ಟಬೇಡ ಅಂದಿದ್ದೆನಲ್ಲ ಎಂದು ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಕೂತುಬಿಟ್ಟ. ‘ಮೂರು ಕತ್ತರ್ಸಿದ್ದೆ ಕಣೇ. ಅಜ್ಜಿ ಬಂದು ಒಂದಾದ್ರೂ ಇರ್ಲಿ ಬುಡೋ ಅಂದ್ಳು. ಹಿಂದಿಂದು, ವಿಡಿಯೋದಲ್ಲಿ ಕಾಣಲ್ಲ, ತುದಿ ಒಳಗೆ ಸಿಗಿಸಿದ್ರೆ ಏನಾಗತ್ತೆ ಅಂತ ಬಿಟ್ಟೆ’ ಎಂದ. ಡ್ರೋನ್ ಒಂದು ಮಗ್ಗುಲಿಗೆ ವಾಲಿದಾಗಲೇ ಅವನಿಗೆ ಅನುಮಾನ ಬಂದಿತ್ತಂತೆ. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ ಎಂದೇ ಅಟ್ಟಕ್ಕೆ ಹಾಕಿದ್ದು. ಮತ್ತೆ ನೀವು ಕೇಳಿದಾಗ ತೆಗೆದಿದ್ದೇನೆ ಎಂದದ್ದು ಯಾಕೆ ಎಂದರೆ, ‘ಅಷ್ಟು ಜನದ್ ಮುಂದೆ ನಮ್ಮಜ್ಜಿ ದಾರ ಇದೆ ಅನ್ಲಾ?’ ಎಂದ. ಮೋಟಾರು ಕೊಂಡಾಗಲೇ ಕೆಟ್ಟಿತ್ತು ಎಂದು ನಿಮಗೆ ಹೇಳಿ ಮುಗಿಸೋಣ ಎಂದ. ಅಜ್ಜಿಗೆ ಗೊತ್ತಾದರೆ ಊಟ ಬಿಡುತ್ತಾಳೆ ಎಂದ. ಅದೊಂದು ಮಾತಿಗೆ ನಾನು ಸೋತೆ. ಆ ಹುಡುಗಿಯ ಹುಬ್ಬಿಗೆ ಹೊಲಿಗೆ ಬಿದ್ದದ್ದು ತಾನು ಕಟ್ಟಿದ ಗಂಟಿನಿಂದ ಎಂದು ಅಜ್ಜಿಗೆ ಯಾರು ಹೇಳುತ್ತಾರೆ? ಗುರುವಾರದ ಕಾಗದವನ್ನು ಹಾಗೆ ಬರೆದದ್ದು ಅದಕ್ಕೇ. ನಿಮಗೆ ಅರ್ಧ ಸತ್ಯ ಸಾಕು, ಅಜ್ಜಿಗೆ ಅದೂ ಬೇಡ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ನಿನ್ನೆ ಬೆಳಿಗ್ಗೆ ಮೋಟಾರನ್ನು ಇನ್ನೊಮ್ಮೆ ಓಡಿಸಿ ನೋಡುತ್ತಿದ್ದೆ. ಅಜ್ಜಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ‘ಏನೇ ಹೇಮಾ, ಜೇನು ಎದ್ದಂಗೆ ಸದ್ದು. ನಮ್ ಹಕ್ಕಿ ಹುಷಾರಾಯ್ತಾ?’ ಎಂದು ಒಳಗೆ ಬಂದವಳು ಕಿಟಕಿಯ ಮೇಲಿದ್ದ ಮುಚ್ಚಳ ನೋಡಿದಳು. ನಾನು ಕೈ ಅಡ್ಡ ಇಡುವಷ್ಟರಲ್ಲಿ ಎತ್ತಿಕೊಂಡಿದ್ದಳು. ದಾರದ ಗಂಟನ್ನು ಬೆರಳಿನಲ್ಲಿ ಹೊರಳಿಸಿದಳು. ‘ಇದು ನಂದಲ್ವಾ? ಇದ್ಯಾಕೆ ಹಿಂಗಾಗೈತೆ?’

ನನಗೆ ಸುಳ್ಳು ಹೊಳೆಯಲಿಲ್ಲ. ಎಲ್ಲ ಹೇಳಿದೆ. ಅಜ್ಜಿ ಗೋಡೆ ಹಿಡಿದು ನೆಲದ ಮೇಲೆ ಕೂತಳು. ಈಗ ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಕೇಳಿದ್ದು ಒಂದೇ: ‘ಆ ಹುಡ್ಗ ಬಿಚ್ಕೊಳ್ಲಿಲ್ವಾ?’

ಯಾವ ಹುಡುಗ ಎಂದೆ.

‘ಹಾರ್ಸೋನು. ಮೋಹಿತ.’

ಆಮೇಲೆ ಅಜ್ಜಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನ ಮಾತಿಗೆ ತಿರುಗಿಸಿದರೆ ಕೆಡುತ್ತದೆ. ‘ಕಟ್ಟೋದು ಮನೆಯೋರು, ಬಿಚ್ಚೋದು ಓಡ್ಸೋನು. ನಿಮ್ ತಾತ ಎತ್ತು ಹೂಡೋ ಮುಂಚೆ ಅಚ್ಚಿನ ದಾರ ತಾನೇ ಬಿಚ್ಚಿ, ಕಣ್ಣಿಗೊತ್ಕೊಂಡು ರುಮಾಲಲ್ಲಿ ಸಿಗಿಸ್ಕೊಳ್ಳೋನು. ದಾರ ಅಚ್ಚಲ್ಲಿ ಬುಟ್ಕೊಂಡು ಯಾವನಾದ್ರೂ ಗಾಡಿ ಹೊಡ್ದಾನೇನೇ?’

ಹಾಗಾದರೆ ಅಣ್ಣನಿಗೆ ಒಂದಾದರೂ ಇರಲಿ ಅಂದದ್ದು ಯಾಕೆ ಎಂದು ಕೇಳಿದೆ.

‘ಇವ್ನು ಎಲ್ಲಾನೂ ಕತ್ರೀಲಿ ಕಚಕಚ ಅನ್ನುಸ್ತಿದ್ದ. ಹಾರ್ಸೋದು ಆ ಹುಡ್ಗ, ಅವ್ನ ಕೈಗೆ ಅಂತ ಒಂದಾದ್ರೂ ಇರ್ಲಿ ಅಂದೆ. ಅವ್ನು ಬಿಚ್ಚಿ ಜೇಬಲ್ಲಿ ಇಟ್ಕೊಂಡ್ರೆ ಅವ್ನಿಗೆ ಕಾವಲು. ಇದನ್ನ ಹೇಳ್ಕೊಡ್ಬೇಕಾ, ಗೊತ್ತಿರ್ತದೆ ಅಂದ್ಕೊಂಡೆ. ನಿಮಗ್ಯಾರಿಗೂ ಗೊತ್ತಿಲ್ಲ. ಗಾಡಿ ಹೋಯ್ತು, ಬಿಚ್ಚೋದೂ ಹೋಯ್ತು. ನಾನೊಬ್ಳು ಕಟ್ಕೊಂಡೇ ಬಂದೆ.’

ಹೌದಲ್ಲ, ಗ್ರೈಂಡರಿಗೆ, ಸ್ಕೂಟರಿಗೆ ಕಟ್ಟಿದ ದಾರವನ್ನು ಯಾರೂ ಬಿಚ್ಚಿದ್ದಿಲ್ಲ. ತಾನಾಗಿಯೇ ಸವೆದು ಬಿದ್ದುಹೋಗುತ್ತಿತ್ತು.

ಮಧ್ಯಾಹ್ನ ಅಣ್ಣ ಊಟಕ್ಕೆ ಬಂದ. ಅಜ್ಜಿ ತಾನೇ ಬಡಿಸಿದಳು. ಅವನು ಮುದ್ದೆ ಮುರಿಯುವ ಹೊತ್ತಿಗೆ ‘ಅವ್ನು ಕೇಳ್ದಾಗ ಸುಳ್ ಯಾಕಂದ್ಯೋ?’ ಎಂದಳು. ಅಣ್ಣ ನನ್ನ ಕಡೆ ನೋಡಿದ. ‘ನಿನ್ ಹೆಸ್ರು ಬರ್ತಿತ್ತು ಅಜ್ಜಿ’ ಎಂದ.

‘ಬಂದ್ರೆ ಏನಾಗ್ತಿತ್ತು? ಮುದುಕಿ, ಬೈಸ್ಕೊಂಡು ಸುಮ್ಕಾಯ್ತಿದ್ದೆ. ನನ್ನ ಕಾಪಾಡಿದ್ದಲ್ಲ ನೀನು. ನನ್ನ ಅಡ್ಡ ಇಟ್ಕೊಂಡು ಹಿಂದೆ ನಿಂತ್ಕೊಂಡೆ.’

ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಸಂಜೆ ಬಂದವನು ನಾಳೆ ಆಟೋಗೆ ಹೇಳಿದ್ದೇನೆ ಎಂದ. ಅಷ್ಟೇ. ಅವನ ಮುಖ ನೋಡಲು ಆಗುತ್ತಿಲ್ಲ. ನಿಮಗೆ ಇವನ ಮೇಲೆ ಸಿಟ್ಟಿರಬೇಕಾದದ್ದು ನ್ಯಾಯ. ಅದು ಇರಲಿ ಎಂದೇ ನಾನೂ ಹೇಳುವುದು. ಆದರೆ ಗೊತ್ತಿದ್ದು ಇಟ್ಟುಕೊಂಡ ಸಿಟ್ಟಾಗಿರಲಿ.

ಭಾನುವಾರ ನೀವು ಗಿರಿನಗರಕ್ಕೆ ಹೋಗಲೇಬೇಕು, ತಾನೂ ಬರುತ್ತೇನೆ ಎನ್ನುತ್ತಾಳೆ ಅಜ್ಜಿ. ‘ಆ ಮಗೀನ ಹಣೆ ನಾನು ಮುಟ್ಬೇಕು, ಆ ತಾಯಿ ಹತ್ರ ನಾನು ಮಾತಾಡ್ಬೇಕು’ ಎಂದು ಹಟ. ಅವರು ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಹೊಸಲಿನ ರಕ್ತ ನಿಮ್ಮದಲ್ಲ, ಈ ಮುದುಕಿಯ ದಾರದ್ದು ಎಂದರೆ ಅವರಿಗೆ ಸಮಾಧಾನವಾಗುತ್ತದೋ, ಇನ್ನೂ ಕೆಡುಕೆನಿಸುತ್ತದೋ. ಆದರೆ ನಿಮ್ಮ ಬಾಯಿಂದ ‘ನನ್ನ ಕೈ ನಡುಗಿತು’ ಎಂಬ ಮಾತು ಮಾತ್ರ ಅಲ್ಲಿ ಬರಬಾರದು. ನಡುಗಲಿಲ್ಲ. ನಾನು ನೋಡುತ್ತಿದ್ದೆ.

ಮೋಟಾರು ತಿರುಗುತ್ತದೆ ಎಂದೆನಲ್ಲ, ಅದರಲ್ಲೂ ಒಂದು ಮಾತು ಉಳಿದಿದೆ. ನಾಲ್ಕರಲ್ಲಿ ಇದರ ದನಿ ಬೇರೆ. ಸ್ವಲ್ಪ ಹೊತ್ತು ಓಡಿಸಿದರೆ ಉಳಿದವಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಶಾಫ್ಟು ಬಗ್ಗಿರಬಹುದು, ನನ್ನ ಕಣ್ಣಿಗೆ ಕಾಣುತ್ತಿಲ್ಲ. ರೆಕ್ಕೆ ಹಾಕಿಲ್ಲ. ಹಾಕಬಹುದೋ ಇಲ್ಲವೋ ನೀವು ಬೆರಳಿನಿಂದ ತಿರುಗಿಸಿ ನೋಡಿ ಹೇಳಬೇಕು.

ಇಂತು,
ಹೇಮಶ್ರೀ

ಮರೆತದ್ದು: ಇದನ್ನು ಬಿ.ಟಿ.ಎಂ.ನಲ್ಲಿ, ನಿಮ್ಮ ಅಕ್ಕನ ಮನೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಅಂಚೆಗೆ ಹಾಕಿದ್ದರೆ ಭಾನುವಾರದ ಒಳಗೆ ನಿಮಗೆ ಸಿಗುತ್ತಿರಲಿಲ್ಲ. ದಾರ ಲಕೋಟೆಯ ಒಳಗಿದೆ. ತೊಳೆಯೋಣ ಎಂದರೆ ಅಜ್ಜಿ ಬಿಡಲಿಲ್ಲ. ಅವನ ದಾರ ಅವನಿಗೆ ಹೇಗಿದೆಯೋ ಹಾಗೇ ಸೇರಬೇಕಂತೆ. ಅಣ್ಣ ಕೆಳಗೆ ಆಟೋದ ಪಕ್ಕ ನಿಂತಿದ್ದಾನೆ. ನೀವು ಬಾಲ್ಕನಿಯಿಂದ ಕರೆದರೆ ಮೇಲೆ ಬರುತ್ತಾನೆ. ಕರೆಯಿರಿ ಎಂದು ನಾನು ಹೇಳುವುದಿಲ್ಲ. ಕಾಗದವನ್ನು ಬಾಗಿಲ ಕೆಳಗೆ ತೂರಿಸಿ ನಾನು ಒಂದು ಮಹಡಿ ಇಳಿದು ನಿಲ್ಲಬೇಕು ಎಂದಿದ್ದೆ. ಅಜ್ಜಿ ನನ್ನ ಕೈ ಬಿಡುತ್ತಿಲ್ಲ. ‘ಇಷ್ಟೆಲ್ಲಾ ಬರೆಯೋಳು, ಮುಖ ತೋರ್ಸೋಕೆ ಏನೇ ನಿಂಗೆ?’ ಎನ್ನುತ್ತಿದ್ದಾಳೆ. ಇಲ್ಲಿವರೆಗೆ ಓದಿದ್ದರೆ ಬಾಗಿಲು ತೆಗೆಯಿರಿ. ಮೂರು ಮಹಡಿ ಹತ್ತಿದ್ದಾಳೆ, ಅವಳ ಮಂಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.